ಹಳೆಯ ದೋಣಿಗೆ ಹೊಸ ಎಂಜಿನು

ಹಾಯಿದೋಣಿಗೆ ಎಂಜಿನು ಏತಕ್ಕೆಂದು ಊರಿನ ಬಂಧುಗಳು ಆಗಾಗ ನಮ್ಮನ್ನು ಕೇಳುವುದುಂಟು. ಗಾಳಿಯು ಯಾರ ಮನೆಯ ಆಳೂ ಅಲ್ಲವೆಂಬುದೇ ಅದಕ್ಕೆ ಉತ್ತರ. ನಾವು ದಂಪತಿಗಳು ದೋಣಿಯನ್ನಿಟ್ಟಿರುವುದು ಇಂಗ್ಲೆಂಡಿಗೂ ವೇಲ್ಸಿಗೂ ನಡುವೆ ಚಾಚಿರುವ ಬ್ರಿಸ್ಟಲ್ ಚಾನೆಲ್ ಎಂಬ ಕಡಲ ತೋಳಿನಲ್ಲಿ. ಏವನ್‌ಮೌತಿನ ಬಳಿ ಅಮಾವಾಸ್ಯೆ ಹುಣ್ಣಿಮೆಗಳ ಭರತಕ್ಕೂ ಇಳಿತಕ್ಕೂ ಇರುವ ಅಂತರ ಸುಮಾರು 12 ಮೀಟರು. ಅಷ್ಟು ನೀರು ಆರಾರು ಗಂಟೆಗಳಲ್ಲಿ ಒಳನುಗ್ಗಿ ಹೊರನುಗ್ಗುವಾಗ, ಗಾಳಿಯೂ ನಿಂತು ಎಂಜಿನೂ ನಿಂತ ದೋಣಿಯು ತುಂಬಿದ ಹೊಳೆಯಲ್ಲಿ ಬಿದ್ದ ತೆಂಗಿನಕಾಯಿಗೆ ಸಮಾನವೇ ಸರಿ.

ನಮ್ಮದು ವೆಸ್ಟರ್ಲಿ ಸೆಂಟಾರ್ ಎಂಬ ಜಾತಿಯದು. 26 ಅಡಿ ಉದ್ದ, ಮೂರು ಟನ್ನು ತೂಕ. 1969ರಿಂದ 1980ರವರೆಗೆ ಇಂತಹವು 2,400ಕ್ಕೂ ಮೇಲ್ಪಟ್ಟು ತಯಾರಾದುವು. ಗಾಜಿನೆಳೆಯ ಒಡಲು ಈಗಲೂ ಗಟ್ಟಿಯಾಗಿದೆ. ಹಳೆಯ ಎಂಜಿನು ಮಾತ್ರ ಸಮುದ್ರದ ನೀರನ್ನೇ ನೇರವಾಗಿ ಒಳಗೆ ಹರಿಸಿಕೊಂಡು ತಣಿಯುವ ಬಗೆಯದು. ದಶಕಗಳ ಉಪ್ಪು ಅದರ ಎರಕದ ಕಬ್ಬಿಣವನ್ನು ಒಳಗಿನಿಂದ ತಿಂದಿತ್ತು. ಸಿಲಿಂಡರಿನೊಳಕ್ಕೆ ನೀರಿಳಿದ ಮೇಲೆ ರಿಪೇರಿಯವನೂ ಕೈಚೆಲ್ಲಿದನು.

ಹೊಸದರ ಬೆಲೆಯೋ, ನಾವು ದೋಣಿಗೆ ಕೊಟ್ಟಿದ್ದ ಹಣವನ್ನೂ ಮೀರಿತು. ಮೂಗಿಗಿಂತ ಮೂಗುತಿ ಭಾರ! ಮನೆಯ ಮಾಡಿನ ರಿಪೇರಿಗೆಂದು ಕೂಡಿಟ್ಟಿದ್ದ ಗಂಟನ್ನು ಬಿಚ್ಚಬೇಕಾಗಿದ್ದುದರಿಂದ, ದೋಣಿಯನ್ನು ಮಾರಿಬಿಡೋಣವೆಂಬ ಮಾತೂ ನಮ್ಮೊಳಗೆ ಬಂದಿತು. ಎಂಜಿನು ಸತ್ತ ದೋಣಿಯನ್ನು ಕೊಳ್ಳುವವರಾರು? ಹೊಸದನ್ನು ಕೂಡಿಸಿ ಮಾರಿದರೂ ಹಾಕಿದ ಹಣ ಹುಟ್ಟುವುದಿಲ್ಲ. ಇನ್ನು ಹತ್ತು ವರ್ಷವಾದರೂ ದೋಣಿಯನ್ನು ಇಟ್ಟುಕೊಳ್ಳುವವರಿಗೆ ಮಾತ್ರ ಈ ವೆಚ್ಚ ನ್ಯಾಯವೆಂದು ಲೆಕ್ಕ ಹಾಕಿ, ಮಾಡನ್ನು ಇನ್ನೊಂದು ಮಳೆಗಾಲಕ್ಕೆ ಬಿಟ್ಟೆವು.

ವ್ಯಾಪಾರಿಯೊಬ್ಬನು 30 ಅಶ್ವಶಕ್ತಿಯದನ್ನೇ ಕೊಳ್ಳಿರೆಂದು ಒತ್ತಾಯಿಸಿದನು. ಆದರೆ ಇಂತಹ ಭಾರದ ದೋಣಿಯ ವೇಗಕ್ಕೆ ನೀರಿನ ಮಟ್ಟದಲ್ಲಿ ಅದರ ಉದ್ದವೆಷ್ಟೋ ಅದೇ ಮಿತಿ. ಆ ಉದ್ದವನ್ನು ಅಡಿಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಎಷ್ಟು ನಾಟ್ ಎಂಬುದು ದೊರೆಯುತ್ತದೆ. ನಮ್ಮದಕ್ಕೆ 21 ಅಡಿ. ಆದುದರಿಂದ ಆರು ನಾಟ್‌ಗೆ ಸ್ವಲ್ಪ ಮೇಲೆ. ಅದರಾಚೆಗೆ ಸುರಿದ ಶಕ್ತಿಯೆಲ್ಲ ಅಲೆಯೆಬ್ಬಿಸುವುದಕ್ಕೇ ವ್ಯಯ. ಟನ್ನಿಗೆ ನಾಲ್ಕೈದು ಅಶ್ವಶಕ್ತಿ ಸಾಕೆಂಬುದು ರೂಢಿ; ಎದುರುಗಾಳಿಗೂ ಎದುರಲೆಗೂ ಒಂದಿಷ್ಟು ಮಿಗಿಸಿ ನಾವು 20ಕ್ಕೆ ನಿಂತೆವು.

ಶಕ್ತಿಗಿಂತಲೂ ನಮ್ಮನ್ನು ಹೆಚ್ಚು ಕಾಡಿದುದು ಜಾಗ. ನಕ್ಷೆಯ ಅಳತೆಗೆ ರಟ್ಟಿನ ಪೆಟ್ಟಿಗೆಯೊಂದನ್ನು ಮಾಡಿ, ದೋಣಿಯ ಮೆಟ್ಟಿಲಿನ ಹಿಂದಣ ಗೂಡಿನಲ್ಲಿಳಿಸಿ, ಬೆಲ್ಟು, ಎಣ್ಣೆಯ ಫಿಲ್ಟರು, ನೀರೆತ್ತುವ ಪಂಪಿನ ರಬ್ಬರು ಚಕ್ರ ಇವು ಬರುವೆಡೆಗೆ ಕೈ ಚಾಚಿ ನೋಡಿದೆವು. ಅಲೆಯಲ್ಲಿ ತೂಗಾಡುತ್ತ, ದೀಪ ಹಿಡಿದು, ಕೈಗೆಟುಕದ ಮೊಳೆಗಾಗಿ ತಡಕಾಡುವ ಪಾಡು ಶತ್ರುವಿಗೂ ಬೇಡ. ಈ ಪರೀಕ್ಷೆಯಲ್ಲಿ ಎರಡು ಎಂಜಿನುಗಳು ಬಿದ್ದುಹೋದುವು.

ಗೆದ್ದುದು ಗ್ಲಾಸ್ಟರ್‌ಷೈರಿನ ಬೀಟಾ ಮರೀನ್ ಎಂಬುವರದು. ಮೂಲದಲ್ಲಿ ಅದು ಜಪಾನಿನ ಕುಬೋಟಾ. ಟ್ರಾಕ್ಟರುಗಳಿಂದ ಆ ಹೆಸರನ್ನು ನಮ್ಮ ನಾಡಿನ ಒಕ್ಕಲಿಗರೂ ಬಲ್ಲರು. ಇದರೊಳಗೆ ಸುತ್ತುವುದು ಸಿಹಿನೀರು. ಉಪ್ಪುನೀರು ಪಕ್ಕದ ಕೊಳವೆಗಳಲ್ಲಿ ಹರಿದು ಅದರ ಕಾವನ್ನು ಮಾತ್ರ ಹೊತ್ತೊಯ್ಯುತ್ತದೆ. ನಿಮಿಷಕ್ಕೆ 3,600 ಸುತ್ತುವ ಈ ಎಂಜಿನಿನ ವೇಗವನ್ನು ಗೇರು ಅರ್ಧಕ್ಕಿಳಿಸುವುದರಿಂದ ಹಳೆಯ ಪ್ರೊಪೆಲ್ಲರು ಹೊಂದಲಿಲ್ಲ. ಅದಕ್ಕೂ ಬೇರೆ ತೆರಬೇಕಾಯಿತು. ಟ್ಯಾಂಕಿನ ತಳದ ಕೆಸರನ್ನೂ ಬಳಿದು ತೆಗೆಸಿದೆವು.

ಇನ್ನೊಂದು ಕೆಲಸ ಉಳಿದಿದೆ. ನೆಲದ ಮೇಲಿದ್ದ ಒಡಲು ನೀರಿಗಿಳಿದಾಗ ಕೂದಲೆಳೆಯಷ್ಟು ಬಾಗುವುದರಿಂದ, ಎಂಜಿನೂ ಷಾಫ್ಟೂ ನೇರಕ್ಕಿವೆಯೇ ಎಂದು ತೇಲುವಾಗ ಮತ್ತೊಮ್ಮೆ ಅಳೆಯತಕ್ಕದ್ದು. ಮುಂದಿನ ಹುಣ್ಣಿಮೆಯ ಭರತಕ್ಕೆ ದೋಣಿಯನ್ನು ಇಳಿಸುವವರಿದ್ದೇವೆ.