ಮತ್ತೆಂತಾಯಿತು?

ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಸುರಂಗವಿದೆ. ಕಾಸರಗೋಡಿನ ಕಡೆಯವರಿಗೆ ಸುರಂಗ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ನೀರಿಗಾಗಿ ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡವಾಗಿ ಕೊರೆದ ಓಣಿ ಅದು. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟು ಜಾಗ. ಒಳಗೆ ಕತ್ತಲು, ಬಾವಲಿಗಳು, ಕಾಲಡಿಯಲ್ಲಿ ತಣ್ಣಗೆ ಹರಿಯುವ ನೀರು.

ಆ ಸುರಂಗದ ಆಚೆಯ ತುದಿಯಲ್ಲಿ ಒಂದು ರಾಜ್ಯವಿದೆ ಎಂದು ನನ್ನ ಅಜ್ಜ ಹೇಳುತ್ತಿದ್ದರು. ಅಲ್ಲಿಯ ರಾಜ ಒಂದು ಮುದಿ ಕಪ್ಪೆ. ಮಂತ್ರಿ ಬಾವಲಿ. ಸದಾ ತಲೆಕೆಳಗಾಗಿ ನೇತಾಡುವುದರಿಂದ ಮಂತ್ರಿಗೆ ಎಲ್ಲವೂ ತಿರುಗುಮುರುಗಾಗಿ ಕಾಣುತ್ತದೆ. ನೀರು ತರಲು ಹೋದ ಕುಂಞ ಎಂಬ ಹುಡುಗ ದಾರಿ ತಪ್ಪಿ ಆ ರಾಜ್ಯಕ್ಕೆ ಸೇರಿದ್ದಾನೆ. ಅವನು ಮನೆಗೆ ಮರಳಬೇಕು. ರಾತ್ರಿ ಚಾವಡಿಯಲ್ಲಿ ಅಡಿಕೆ ಸುಲಿಯುತ್ತಾ ಅಜ್ಜ ಈ ಕತೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೇಳುತ್ತಿದ್ದರು. ಕುತೂಹಲದ ಜಾಗ ಬಂತೆಂದರೆ ಸಾಕು, "ಇನ್ನು ನಾಳೆಗೆ" ಎಂದು ಏಳುತ್ತಿದ್ದರು. "ಮತ್ತೆಂತಾಯಿತು ಅಜ್ಜ?" ಎಂದು ನನ್ನ ತಮ್ಮ ಅವರ ಬೈರಾಸು ಹಿಡಿದು ಎಳೆಯುತ್ತಿದ್ದ.

ನಾನು ಏಳನೇ ತರಗತಿಯಲ್ಲಿದ್ದಾಗ, ಆಟಿ ತಿಂಗಳ ಮಳೆಯಲ್ಲಿ, ಅಜ್ಜ ತೀರಿಕೊಂಡರು. ತಮ್ಮ ಆಗ ಎರಡನೇ ತರಗತಿ. ಕತೆಯಲ್ಲಿ ಕುಂಞ ಏಳು ಬೀಗಗಳ ಬಾಗಿಲ ಮುಂದೆ ನಿಂತಿದ್ದ. ಆರು ಬೀಗ ತೆರೆದಾಗಿತ್ತು.

ಬೊಜ್ಜ ಕಳೆದ ಮರುದಿನ ರಾತ್ರಿ ತಮ್ಮ ಮಲಗಲಿಲ್ಲ. "ಅಕ್ಕಾ, ಏಳನೇ ಬೀಗ ಎಂತಾಯಿತು?" ಎಂದು ಅಳತೊಡಗಿದ. ನಾನು ಥಟ್ಟನೆ ಹೇಳಿಬಿಟ್ಟೆ: "ಪೂರ್ತಿ ಕತೆಯನ್ನು ಅಜ್ಜ ನನಗೆ ಮೊದಲೇ ಹೇಳಿದ್ದಾರೆ. ನೀನು ಮಲಗು, ನಾನು ಹೇಳುತ್ತೇನೆ."

ಅದು ಸುಳ್ಳು. ಅಜ್ಜ ನನಗೆ ಏನೂ ಹೇಳಿರಲಿಲ್ಲ.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಜ್ಜನ ಹೆಸರಿನಲ್ಲಿ ಹೇಳುತ್ತಾ ಹೋದೆ. ಒಮ್ಮೆ ತಮ್ಮ ನಡುವೆ ತಡೆದ. "ಕಪ್ಪೆರಾಜ ಹಾಗೆ ಮಾತಾಡುವುದಿಲ್ಲ. ಮಾತಿಗೆ ಮೊದಲು ಕೆಮ್ಮುತ್ತಾನೆ." ಹೌದಲ್ಲ! ಅಜ್ಜ ಪ್ರತಿಸಲ "ಖೊಕ್ ಖೊಕ್" ಎಂದು ಕೆಮ್ಮಿಯೇ ಕಪ್ಪೆರಾಜನ ಮಾತು ಸುರು ಮಾಡುತ್ತಿದ್ದರು. ನಾನು ಅದನ್ನೇ ಮರೆತಿದ್ದೆ. ಆ ದಿನ ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಕೆಲವು ದಿನಗಳಲ್ಲಿ ಪರೀಕ್ಷೆಯ ನೆಪ ಹೇಳಿ ಕತೆಯನ್ನು ಅರ್ಧದಲ್ಲೇ ಬಿಟ್ಟೆ.

ಐದಾರು ವರ್ಷ ಕಳೆದು ಕಾಲೇಜಿನ ಗ್ರಂಥಾಲಯದಲ್ಲಿ ನನಗೆ ಓಜ್ ಎಂಬ ನಾಡಿನ ಕತೆ ಸಿಕ್ಕಿತು. ಅಮೆರಿಕದ ಎಲ್. ಫ್ರಾಂಕ್ ಬಾಮ್ ಎಂಬವರು 1900ರಲ್ಲಿ ಬರೆದದ್ದು. ಡೊರೊತಿ ಎಂಬ ಹುಡುಗಿಯನ್ನು ಸುಂಟರಗಾಳಿಯೊಂದು ಮನೆಸಮೇತ ಎತ್ತಿಕೊಂಡು ಹೋಗಿ ಓಜ್ ನಾಡಿನಲ್ಲಿ ಇಳಿಸುತ್ತದೆ. ಮಿದುಳು ಬೇಕೆನ್ನುವ ಬೆದರುಬೊಂಬೆ, ಹೃದಯ ಬೇಕೆನ್ನುವ ತಗಡಿನ ಮನುಷ್ಯ, ಧೈರ್ಯ ಬೇಕೆನ್ನುವ ಪುಕ್ಕಲು ಸಿಂಹ ಅವಳ ಜೊತೆಗಾರರು. ನಮ್ಮ ಕುಂಞನಂತೆ ಅವಳಿಗೂ ಮನೆಗೆ ಮರಳುವ ದಾರಿ ಬೇಕು.

ಕತೆಗಿಂತಲೂ ಕತೆಯ ಹಿಂದಿನ ಕತೆ ನನ್ನನ್ನು ಹಿಡಿದು ನಿಲ್ಲಿಸಿತು. ಮಕ್ಕಳು ಬಿಡದೆ ಪತ್ರ ಬರೆದು ಕೇಳಿದ್ದರಿಂದ ಬಾಮ್ ಓಜ್ ಕತೆಗಳನ್ನು ಮುಂದುವರಿಸುತ್ತಲೇ ಹೋದರು. 1910ರಲ್ಲಿ ಅವರಿಗೆ ಸಾಕೆನಿಸಿತು. ಓಜ್ ನಾಡು ಮಂತ್ರದಿಂದ ಯಾರ ಕಣ್ಣಿಗೂ ಕಾಣದಂತಾಯಿತು, ಇನ್ನು ಅಲ್ಲಿಂದ ಸುದ್ದಿ ಬರುವುದಿಲ್ಲ ಎಂದು ಬರೆದು ಬಾಗಿಲು ಹಾಕಿದರು. ಮಕ್ಕಳು ಬಿಡುತ್ತಾರೆಯೇ? ತಂತಿಯಿಲ್ಲದ ತಂತಿಯಿಂದ ಸುದ್ದಿ ತರಿಸಬಹುದಲ್ಲ ಎಂದು ಒಂದು ಮಗು ಉಪಾಯ ಹೇಳಿಕೊಟ್ಟಿತಂತೆ! 1913ರಲ್ಲಿ ಬಾಮ್ ಮತ್ತೆ ಸುರು ಮಾಡಿದರು. ಒಟ್ಟು 14 ಪುಸ್ತಕ ಬರೆದು 1919ರ ಮೇ 6ರಂದು ತೀರಿಕೊಂಡರು. ಕೊನೆಯ ಪುಸ್ತಕ ಅಚ್ಚಾಗಿ ಬಂದದ್ದು 1920ರಲ್ಲಿ, ಅವರು ಹೋದ ಮೇಲೆ.

ಆಮೇಲೆ? "ಮತ್ತೆಂತಾಯಿತು?" ಎಂದು ಕೇಳುವವರು ಇದ್ದೇ ಇದ್ದರು. ಪ್ರಕಾಶಕರು ಫಿಲಡೆಲ್ಫಿಯಾ ನಗರದ ರೂತ್ ಪ್ಲಮ್ಲಿ ಥಾಮ್ಸನ್ ಎಂಬವರಿಗೆ ಆ ಕೆಲಸ ಒಪ್ಪಿಸಿದರು. ಅವರು ಪತ್ರಿಕೆಯೊಂದರ ಮಕ್ಕಳ ಪುಟ ನೋಡಿಕೊಳ್ಳುತ್ತಿದ್ದವರು. ಬಾಲ್ಯದಲ್ಲಿ ಓಜ್ ಕತೆಗಳನ್ನು ಓದಿ ಬೆಳೆದವರು. 1921ರಲ್ಲಿ ಅವರ ಮೊದಲ ಓಜ್ ಪುಸ್ತಕ ಬಂತು. ಆದರೆ ಹೊದಿಕೆಯ ಮೇಲೆ ಲೇಖಕರ ಹೆಸರು ಬಾಮ್ ಎಂದೇ ಇತ್ತು. ಬಾಮ್ ಬಿಟ್ಟುಹೋದ ಟಿಪ್ಪಣಿಗಳನ್ನು ಥಾಮ್ಸನ್ ಹಿಗ್ಗಿಸಿ ಬರೆದರು ಎಂಬಂತೆ ಪ್ರಕಾಶಕರು ತೋರಿಸಿದ್ದರು. ನಿಜವಾಗಿ ಕತೆ ಪೂರ್ತಿ ಥಾಮ್ಸನ್ ಅವರದೇ.

ಇದನ್ನು ಓದಿದಾಗ ನನಗೆ ಯಾರೋ ಬೆನ್ನು ತಟ್ಟಿ ಕರೆದಂತಾಯಿತು. ಏಳನೇ ತರಗತಿಯ ನಾನು ಹೇಳಿದ್ದೂ ಇದೇ ಸುಳ್ಳಲ್ಲವೇ?

ಆ ಪುಸ್ತಕದ ಕತೆಯನ್ನೂ ಕೇಳಿ. ಬೆದರುಬೊಂಬೆಗೆ ವಂಶವೇ ಇಲ್ಲ ಎಂದು ಒಬ್ಬರು ಹೀಯಾಳಿಸುತ್ತಾರೆ. ಪಾಪ, ಅವನು ತನ್ನ ಅಜ್ಜ ಮುತ್ತಜ್ಜಂದಿರನ್ನು ಹುಡುಕಿಕೊಂಡು ಹೊರಡುತ್ತಾನೆ. ಅವನನ್ನು ಹುಡುಕಲು ಡೊರೊತಿಯೂ ಸಿಂಹವೂ ಹೊರಡುತ್ತಾರೆ. ಬೇರೆಯವರ ಕತೆಯ ಮನೆಗೆ ಹೊಸದಾಗಿ ಕಾಲಿಟ್ಟವರು ಮೊದಲು ಬರೆದದ್ದು ನೆಂಟಸ್ತಿಕೆಯ ಕತೆ!

ಮುಂದಿನ ವರ್ಷ, 1922ರಲ್ಲಿ ಬಂದ ಪುಸ್ತಕದ ಮೇಲೆ ಥಾಮ್ಸನ್ ಅವರದೇ ಹೆಸರು. ಅದರಲ್ಲಿ ಕಬುಂಪೊ ಎಂಬ ಠೀವಿಯ ಆನೆಯೊಂದು ಬರುತ್ತದೆ. ಬಾಮ್ ಅವರ ಓಜ್‌ನಲ್ಲಿ ಈ ಆನೆ ಇರಲೇ ಇಲ್ಲ. ತನ್ನ ಅಂದಚೆಂದದ ಬಗ್ಗೆ ಅದಕ್ಕೆ ಎಷ್ಟು ಜಂಬವೆಂದರೆ, ನಮ್ಮ ಉತ್ಸವದ ಆನೆಗಳೂ ಅಷ್ಟು ಬೀಗಲಾರವು. ನನಗಂತೂ ಬಹಳ ಇಷ್ಟವಾಯಿತು. ಥಾಮ್ಸನ್ ವರ್ಷಕ್ಕೊಂದರಂತೆ 1939ರವರೆಗೆ 19 ಪುಸ್ತಕ ಬರೆದರು, ಬಾಮ್ ಬರೆದುದಕ್ಕಿಂತ ಐದು ಹೆಚ್ಚು. ಬಾಮ್ ಅವರ ಎರಡನೇ ಓಜ್ ಪುಸ್ತಕದಿಂದ ಚಿತ್ರ ಬರೆಯುತ್ತಿದ್ದ ಜಾನ್ ನೀಲ್ ಅವರೇ ಥಾಮ್ಸನ್ ಅವರ ಪುಸ್ತಕಗಳಿಗೂ ಚಿತ್ರ ಬರೆದರು. ಥಾಮ್ಸನ್ ಬಿಟ್ಟ ಮೇಲೆ ನೀಲ್ ತಾವೇ ಮೂರು ಕತೆ ಬರೆದರು. ಆ ಮೇಲೂ ಕೆಲವರು ಬರೆದು ಪುಸ್ತಕಗಳು 40 ಆದವು. ಬಾಮ್ ಅವರ ಓಜ್‌ನಷ್ಟು ಇವು ಚೆನ್ನಾಗಿಲ್ಲ ಎನ್ನುವವರು ಇದ್ದಾರೆ. ಇರಲಿ, ತಮ್ಮನೂ ಕೆಮ್ಮಿನ ವಿಷಯದಲ್ಲಿ ನನ್ನನ್ನು ಬಿಟ್ಟಿರಲಿಲ್ಲವಲ್ಲ!

ನಮ್ಮ ಕನ್ನಡದಲ್ಲೂ ಇಂಥದೊಂದು ನಡೆದಿದೆ. ಕುಮಾರವ್ಯಾಸ ಮಹಾಭಾರತದ ಮೊದಲ ಹತ್ತು ಪರ್ವಗಳನ್ನು ಮಾತ್ರ ಕನ್ನಡದಲ್ಲಿ ಹಾಡಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಅದಕ್ಕೆ 'ಕೃಷ್ಣರಾಯ ಭಾರತ' ಎಂದು ಬೇರೆಯೇ ಹೆಸರಿದೆ.

ಆ ವರ್ಷ ರಜೆಯಲ್ಲಿ ಮನೆಗೆ ಬಂದವಳು ತಮ್ಮನನ್ನು ಕರೆದೆ. ಅವನಾಗ ಎಂಟನೇ ತರಗತಿಯ ಹುಡುಗ. ಹಳೆಯ ಸುಳ್ಳನ್ನು ಒಪ್ಪಿಕೊಂಡೆ.

"ನನಗೆ ಅವತ್ತೇ ಗೊತ್ತಿತ್ತು ಅಕ್ಕಾ" ಎಂದ ಅವನು. "ನಿನ್ನ ಕಪ್ಪೆರಾಜನಿಗೆ ಕೆಮ್ಮು ಬಂದದ್ದು ನಾನು ಹೇಳಿಕೊಟ್ಟ ಮೇಲೆ."

"ಮತ್ತೆ ಸುಮ್ಮನೆ ಯಾಕೆ ಕೇಳಿದೆ ಮಾರಾಯ?"

"ಕುಂಞ ಮನೆಗೆ ಬರಬೇಕಿತ್ತಲ್ಲ?"

ಕುಂಞ ಇನ್ನೂ ಮನೆಗೆ ಬಂದಿರಲಿಲ್ಲ. ನಾನೇ ಅವನನ್ನು ಅರ್ಧದಲ್ಲಿ ಬಿಟ್ಟಿದ್ದೆ. ಆ ರಾತ್ರಿ ಚಾವಡಿಯಲ್ಲಿ, ಅಡಿಕೆ ರಾಶಿಯ ಪಕ್ಕದಲ್ಲಿ ಕುಳಿತೆವು. "ಇಲ್ಲಿಂದ ಮುಂದೆ ಅಜ್ಜನದಲ್ಲ, ನನ್ನದು" ಎಂದು ಮೊದಲೇ ಹೇಳಿದೆ. ತಮ್ಮ ತಲೆಯಾಡಿಸಿದ. ಅಜ್ಜ ನಿಲ್ಲಿಸಿದ್ದ ಏಳನೇ ಬೀಗದಿಂದಲೇ ಮತ್ತೆ ಸುರು ಮಾಡಿದೆ.

ಕಪ್ಪೆರಾಜ ಖೊಕ್ ಖೊಕ್ ಎಂದು ಕೆಮ್ಮಿದ.