ನೂರಕ್ಕೆ ನೂರು, ಎಷ್ಟು ಮಂದಿಯಲ್ಲಿ?

ಯಲಹಂಕ ನ್ಯೂ ಟೌನಿನ ನಮ್ಮ ರಸ್ತೆಯ ತಿರುವಿನಲ್ಲಿ ಪ್ರತಿ ಮೇ ತಿಂಗಳೂ ಒಂದು ಫ್ಲೆಕ್ಸ್ ಏಳುತ್ತದೆ. 'ಎಸ್ಸೆಸ್ಸೆಲ್ಸಿಯಲ್ಲಿ ಶೇ 100 ಫಲಿತಾಂಶ' ಎಂದು ದಪ್ಪಕ್ಷರ, ಸುತ್ತ ಮಕ್ಕಳ ಫೋಟೊ. ಅದನ್ನು ನಂಬಿ 2022ರಲ್ಲಿ ನಮ್ಮ ಇಸ್ತ್ರಿ ಅಂಗಡಿಯವನಿಗೆ, "ಮಗನನ್ನ ಎಂಟನೇ ಕ್ಲಾಸಿಗೆ ಅಲ್ಲೇ ಸೇರಿಸಪ್ಪ" ಎಂದೆ. ಬ್ಯಾಂಕಿನಲ್ಲಿ ಆಯುಷ್ಯವೆಲ್ಲ ಲೆಕ್ಕ ಬರೆದವರು ಹೇಳಿದ್ದಾರೆ ಅಂತ ಅವನು ಸಾಲ ಮಾಡಿ ಸೇರಿಸಿದ.

2024ರ ಏಪ್ರಿಲ್‌ನಲ್ಲಿ ಒಂದು ಸಂಜೆ ಅಪ್ಪ, ಮಗ ಇಬ್ಬರೂ ನಮ್ಮ ಗೇಟಿನ ಹತ್ತಿರ ನಿಂತಿದ್ದರು.

"ಸಾರ್, ಒಂಬತ್ತು ಪಾಸ್ ಮಾಡ್ತಾರಂತೆ. ಹತ್ತಕ್ಕೆ ಇಲ್ಲಿ ಬೇಡ, ಟಿಸಿ ತಗೊಳ್ಳಿ ಅಂತಾರೆ. ಗಣಿತದಲ್ಲಿ ಹಿಂದೆ ಇದಾನಂತೆ."

ಹುಡುಗ ತಲೆ ಎತ್ತಲಿಲ್ಲ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಆರನೇ ಕ್ಲಾಸಿನ ಮೊಮ್ಮಗಳನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ, ಮಕ್ಕಳೇ. ತರಗತಿಯಲ್ಲಿ 40 ಮಂದಿ. 30 ಮಂದಿ ಪಾಸಾದರೆ ಶೇ 75. ಹಿಂದುಳಿದ ಎಂಟು ಮಂದಿಗೆ ಮೊದಲೇ ಟಿಸಿ ಕೊಟ್ಟರೆ ಉಳಿದವರು 32. ಈಗ ಅದೇ 30 ಮಂದಿ ಶೇ 93.75 ಆಗುತ್ತಾರೆ. ಇನ್ನಿಬ್ಬರನ್ನೂ ಕಳಿಸಿಬಿಟ್ಟರೆ ಶೇ 100!

"ತಾತ, ಪಾಸಾದವರು ಒಬ್ರೂ ಜಾಸ್ತಿ ಆಗ್ಲಿಲ್ಲವಲ್ಲ?" ಎಂದಳು. ತಾಳೆಯಾಗದ ಚೀಟಿಯನ್ನು ಡ್ರಾಯರಿನಲ್ಲಿ ಬಚ್ಚಿಟ್ಟು ದಿನದ ಲೆಕ್ಕ ಮುಗಿಸಿದ ಹಾಗೆ. ಬ್ಯಾಂಕಿನಲ್ಲಿ ಹಾಗೆ ಮಾಡಿದರೆ ಮೆಮೊ ಬರುತ್ತಿತ್ತು.

ಹುಡುಗನನ್ನು ಸರ್ಕಾರಿ ಪ್ರೌಢಶಾಲೆಗೆ ನಾನೇ ಕರೆದುಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿ ಅಂಕ ಕೇಳಲಿಲ್ಲ, ಊಟ ಆಯ್ತಾ ಅಂತ ಕೇಳಿದರು. ಸಂಜೆ ಇಸ್ತ್ರಿ ಮೇಜಿನ ಮೂಲೆಯಲ್ಲಿ ನಾನು ಗಣಿತ ಹೇಳಿಕೊಡಲು ಕೂತೆ. ಬಡ್ಡಿ ಲೆಕ್ಕ ಬಿಟ್ಟರೆ ಮಿಕ್ಕಿದ್ದೆಲ್ಲ ನನಗೂ ಮರೆತಿತ್ತು!

2025ರ ಮೇ ತಿಂಗಳಲ್ಲಿ ಫಲಿತಾಂಶ ಬಂತು. ರಾಜ್ಯಕ್ಕೆ ಶೇ 62.34. ಶಾಲೆಯಿಂದ ಮೊದಲ ಸಲ ಬರೆದವರನ್ನು ಮಾತ್ರ ಲೆಕ್ಕ ಹಿಡಿದರೆ 66.14. ಹಿಂದಿನ ವರ್ಷ 73.40 ಇತ್ತು. ಪಾರ್ಕಿನ ಬೆಂಚಿನಲ್ಲಿ ನಮ್ಮ ಗೆಳೆಯರೆಲ್ಲ "ಮಕ್ಕಳು ವರ್ಷವರ್ಷಕ್ಕೆ ದಡ್ಡರಾಗ್ತಿದಾರೆ" ಎಂದು ತೀರ್ಪು ಕೊಟ್ಟರು. ನಾನು ಸುಮ್ಮನಿರಲಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದು ಫಲಿತಾಂಶ ಕುಸಿದಿತ್ತು. ಶೇ 20ರವರೆಗೆ ಗ್ರೇಸ್ ಅಂಕ ಕೊಟ್ಟ ಮೇಲೆ ಆದದ್ದು ಆ 73. ಕೊಡದಿದ್ದರೆ 55ನ್ನೂ ಮುಟ್ಟುತ್ತಿರಲಿಲ್ಲ. 2025ರಲ್ಲಿ ಆ ಗ್ರೇಸ್ ಇಲ್ಲ. ಹಾಗಿದ್ದರೆ ಮಕ್ಕಳು ಇಳಿದರೋ, ಏರಿದರೋ? ಕೊರೊನಾ ಕಾಲದ 2021ರಲ್ಲಂತೂ ಎರಡೇ ದಿನ, ಸರಿಯುತ್ತರ ಗುರುತು ಹಾಕುವ ಪರೀಕ್ಷೆ. ಹೆಚ್ಚುಕಡಿಮೆ ಎಲ್ಲರೂ ಪಾಸು. ಅದನ್ನು ಯಾವ ವರ್ಷದ ಪಕ್ಕದಲ್ಲಿಟ್ಟು ನೋಡುತ್ತೀರಿ? ಬೆಂಚು ಒಪ್ಪಲಿಲ್ಲ, ಮಾತು ಮಂಡಿನೋವಿಗೆ ಹೊರಳಿತು.

ನಮ್ಮ ಹುಡುಗ ಆ 62.34ರ ಒಳಗೆ ಇರಲಿಲ್ಲ. ಗಣಿತ ಒಂದರಲ್ಲಿ ಹೋಗಿತ್ತು. 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇದ್ದುದರಿಂದ ಎರಡನೆಯದಕ್ಕೆ ಮತ್ತೆ ಕೂತ. ಮತ್ತೆ ಅದೇ ಮೇಜಿನ ಮೂಲೆ, ಅದೇ ಇದ್ದಿಲ ಹೊಗೆ. ಜೂನಿನಲ್ಲಿ ಪಾಸಾದ.

ಅವರಪ್ಪ ಅಂದು ನನ್ನ ಶರಟುಗಳನ್ನು ತಂದುಕೊಟ್ಟು ದುಡ್ಡು ಬೇಡವೆಂದ. "ತಗೊಳ್ಳಪ್ಪ, ಆ ಸ್ಕೂಲು ಸೇರಿಸು ಅಂದಿದ್ದೂ ನಾನೇ ಅಲ್ಲವೇ" ಎಂದು ಕೈಗೆ ತುರುಕಿದೆ. ಹುಡುಗ ಈಗ ಐಟಿಐಗೆ ಹೋಗುತ್ತಿದ್ದಾನೆ. ತಿರುವಿನಲ್ಲಿ ಆ ವರ್ಷವೂ ಫ್ಲೆಕ್ಸ್ ಎದ್ದಿತ್ತು. ಮೊಮ್ಮಗಳು ಅದರ ಕೆಳಗೆ ನಿಂತು ಫೋಟೊಗಳನ್ನು ಒಂದೊಂದಾಗಿ ಎಣಿಸುತ್ತಿದ್ದಳು.