ಜಯಚಾಮರಾಜೇಂದ್ರ ರಸ್ತೆಯ ತಂತಿ ವೈದ್ಯರು

ಬೆಂಗಳೂರು ನೋಡಬಂದವರು ಲಾಲ್‌ಬಾಗಿಗೆ ಹೋಗುತ್ತಾರೆ; ವಿಧಾನಸೌಧದ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಜಯಚಾಮರಾಜೇಂದ್ರ ರಸ್ತೆಯನ್ನು ನೋಡಲೆಂದೇ ಬಂದವರನ್ನು ನಾನು ಕಂಡಿಲ್ಲ. ಆದರೆ ಹಳೆಯ ಮೋಟಾರು ಕಾರನ್ನು ಮನೆಯಲ್ಲಿ ಉಳಿಸಿಕೊಂಡವರಿಗೆ ಇದೂ ಒಂದು ಯಾತ್ರಾಸ್ಥಳವೇ. 1935ರ ಪುರಭವನದಿಂದ ಹೊರಟು ರವೀಂದ್ರ ಕಲಾಕ್ಷೇತ್ರವನ್ನು ದಾಟಿ ಮಿನರ್ವ ವೃತ್ತದ ಕಡೆಗೆ ನಡೆದರೆ ಎರಡೂ ಬದಿಗೆ ಕಾರಿನ ಅಂಗಾಂಗಗಳ ಸಂತೆ. ಕನ್ನಡಿ, ಆಸನದ ಹೊದಿಕೆ, ದೀಪ, ರೇಡಿಯೊ, ಬಗೆಬಗೆಯ ಸ್ವರದ ಹಾರನ್ನುಗಳು. ಎಲ್ಲರೂ ಇದನ್ನು ಜೆ.ಸಿ. ರೋಡ್ ಎಂದೇ ಕರೆಯುತ್ತಾರೆ.

ಇಲ್ಲಿ ಕೊಳ್ಳುವುದು ಸುಲಭ. ಕೊಂಡದ್ದನ್ನು ಕಾರಿಗೆ ಜೋಡಿಸುವುದೇ ವಿದ್ಯೆ. ಆ ವಿದ್ಯೆ ಬಲ್ಲವರನ್ನು ಕಾಣಬೇಕಾದರೆ ದೊಡ್ಡ ಅಂಗಡಿಗಳ ಬೆಳಕನ್ನು ಬಿಟ್ಟು ಅಡ್ಡರಸ್ತೆಗೆ ತಿರುಗಬೇಕು. ಒಂದು ಮರದ ಸ್ಟೂಲು, ಇಕ್ಕುಳ, ಟೇಪಿನ ಸುರುಳಿ, ತುದಿಯಲ್ಲಿ ಸಣ್ಣ ಬಲ್ಬು ಕಟ್ಟಿದ ಪರೀಕ್ಷಾ ತಂತಿ: ಅವರ ಔಷಧಾಲಯ ಇಷ್ಟೇ.

ಕಳೆದ ಮಳೆಗಾಲಕ್ಕೆ ಮುಂಚೆ ಮಿತ್ರರೊಬ್ಬರು ತಮ್ಮ ತಂದೆಯ ಕಾಲದ ಅಂಬಾಸಿಡರನ್ನು ಅಲ್ಲಿಗೆ ತಂದರು. ವೃದ್ಧ ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಶಿರಾಡಿ ಘಟ್ಟವಿಳಿದು ಮಂಗಳೂರಿಗೆ ಹೋಗುವ ಸಂಕಲ್ಪ ಅವರದು. ಕಾರಿಗೆ ವಿಚಿತ್ರ ಕಾಯಿಲೆ. ಹಾರನ್ ಒತ್ತಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ಮಂಜಿಗಾಗಿ ಹಾಕಿಸಿದ ಫಾಗ್ ದೀಪ ಹೊತ್ತಿಸಿದರೆ ವೈಪರ್ ತೂಕಡಿಸುತ್ತಿತ್ತು. ಒಮ್ಮೊಮ್ಮೆ ಸುಟ್ಟ ರಬ್ಬರಿನ ವಾಸನೆಯೂ ಬರುತ್ತಿತ್ತು.

ನಡುವಯಸ್ಸು ದಾಟಿದ ಮೇಸ್ತ್ರಿ ಡ್ಯಾಷ್‌ಬೋರ್ಡಿನ ಕೆಳಗೆ ತಲೆಯಿಟ್ಟು ಬಹಳ ಹೊತ್ತು ಮಾತಾಡಲಿಲ್ಲ.

“ಇದು ಒಬ್ಬರ ಕೆಲಸವಲ್ಲ ಸಾರ್. ನಾಲ್ಕು ಜನ ನಾಲ್ಕು ಕಾಲದಲ್ಲಿ ಕಟ್ಟಿದ್ದಾರೆ. ಹಿಂದಿನವರು ಕಟ್ಟಿದ್ದನ್ನು ಯಾರೂ ಬಿಚ್ಚಿ ನೋಡಿಲ್ಲ” ಎಂದರು ಕೊನೆಗೆ.

ಅಂಬಾಸಿಡರ್ ಹುಟ್ಟಿದ್ದು ಬ್ರಿಟಿಷರ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ. ಆ ಕಾರಿನ ತಂತಿಗಳಿಗೆ ಬಣ್ಣಗಳದೇ ಒಂದು ಭಾಷೆಯುಂಟು. ಕಂದು ತಂತಿಯಲ್ಲಿ ಬ್ಯಾಟರಿಯ ವಿದ್ಯುತ್ತು ಸದಾ ಇರುತ್ತದೆ, ಬಿಳಿಯದರಲ್ಲಿ ಕೀಲಿ ತಿರುಗಿಸಿದಾಗ ಮಾತ್ರ, ಹಸಿರು ತಂತಿ ಫ್ಯೂಸನ್ನು ದಾಟಿ ಬಂದದ್ದು, ನೀಲಿ ಹೆಡ್‌ಲೈಟಿನದು, ಕಪ್ಪು ಅರ್ತಿನದು. ಈ ಕಾರಿನಲ್ಲಿ ಆ ಭಾಷೆಯೇ ಕೆಟ್ಟುಹೋಗಿತ್ತು. ಬಂದಬಂದವರು ಕೈಗೆ ಸಿಕ್ಕ ಬಣ್ಣದ ತಂತಿಯನ್ನು ಹತ್ತಿರದ ತಂತಿಗೆ ಹೊಸೆದು ಟೇಪು ಸುತ್ತಿದ್ದರು. ಮೂಲದಲ್ಲಿದ್ದ ಫ್ಯೂಸುಗಳು ಎರಡೇ. ಅವುಗಳಲ್ಲಿ ಒಂದಕ್ಕೆ ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಸುತ್ತಿತ್ತು! ಫ್ಯೂಸ್ ಇರುವುದು ತಂತಿಗಿಂತ ಮೊದಲು ತಾನು ಕರಗಲೆಂದು. ಬೆಳ್ಳಿಕಾಗದ ಅಷ್ಟು ಬೇಗ ಕರಗದು. ಉರಿಯುವುದು ತಂತಿ, ಬಳಿಕ ಕಾರು.

ಮೇಸ್ತ್ರಿ ಲೆಕ್ಕವನ್ನೂ ಹೇಳಿದರು. 60 ವಾಟಿನ ಎರಡು ಹೆಡ್‌ಲೈಟುಗಳಿಗೆ 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. 55 ವಾಟಿನ ಎರಡು ಫಾಗ್ ದೀಪಗಳಿಗೆ ಇನ್ನೂ 9. ಹಳೆಯ ಡೈನಮೋ ವೇಗದಲ್ಲಿ ತಿರುಗಿದರೂ ಕೊಡುವುದು 20 ಆಂಪಿಯರಿನ ಆಸುಪಾಸು. ವೈಪರ್, ಹಾರನ್, ರೇಡಿಯೊ, ಎಂಜಿನ್ನಿನ ಕಿಡಿ ಇವೆಲ್ಲಕ್ಕೂ ಬ್ಯಾಟರಿಯೇ ಗತಿ. ಘಟ್ಟದಲ್ಲಿ ಲಾರಿಗಳ ಸಾಲಿನ ಹಿಂದೆ ನಿಂತರಂತೂ ಡೈನಮೋವಿನಿಂದ ಬರುವುದು ಬಹುಮಟ್ಟಿಗೆ ಸೊನ್ನೆ. ಮಳೆ, ಕತ್ತಲೆ, ತಿರುವು, ಆಗಲೇ ದೀಪ ಆರಿದರೆ? ಮಿತ್ರರ ಮುಖ ಬಿಳುಪೇರಿತು.

ಚಿಕಿತ್ಸೆ ಬ್ಯಾಟರಿಯ ತಂತಿ ಕಳಚುವುದರಿಂದ ಆರಂಭವಾಯಿತು. ಮೇಸ್ತ್ರಿ ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿ, ಅದು ಎಲ್ಲಿಂದ ಎಲ್ಲಿಗೆ ಹೋಗುವುದೆಂದು ಬರೆದಿಟ್ಟರು. ಎರಡನೆಯ ಜೋಡಿ ಹಾರನ್ನುಗಳೂ ಬಣ್ಣದ ಅಲಂಕಾರದೀಪಗಳೂ ಹೊರಬಿದ್ದವು. ರೇಡಿಯೊದ ಸರದಿ ಬಂದಾಗ ಮಿತ್ರರು ತಡೆದರು.

“ಅದು ನಮ್ಮ ತಂದೆಯವರು ಹಾಕಿಸಿದ್ದು, ಮೇಸ್ತ್ರಿಗಳೇ.”

“ಇರಲಿ ಸಾರ್. ಅದಕ್ಕೂ ಒಂದು ದಾರಿ ಕೊಡೋಣ.”

ದಾರಿ ಕೊಡುವುದೆಂದರೆ ಹೀಗೆ. ಫಾಗ್ ದೀಪಗಳ ಭಾರ ಇನ್ನು ಡ್ಯಾಷ್‌ಬೋರ್ಡಿನ ಸ್ವಿಚ್ಚಿನ ಮೇಲಿಲ್ಲ. ಬ್ಯಾಟರಿಯಿಂದ ಹೊರಟ ದಪ್ಪ ತಂತಿ 15 ಆಂಪಿಯರಿನ ಫ್ಯೂಸನ್ನು ದಾಟಿ ರಿಲೇಯ 30ನೆಯ ಕಾಲಿಗೆ ಬರುತ್ತದೆ. 87ರಿಂದ ದೀಪಕ್ಕೆ ಹೋಗುತ್ತದೆ. 85, 86 ಕಾಲುಗಳಲ್ಲಿ ಒಂದು ಅರ್ತಿಗೆ, ಇನ್ನೊಂದು ಸ್ವಿಚ್ಚಿಗೆ. ಡಿಪ್ ದೀಪ ಹೊತ್ತಿದಾಗ ಮಾತ್ರ ಆ ಸ್ವಿಚ್ಚಿಗೆ ವಿದ್ಯುತ್ತು ಸಿಗುವಂತೆ ಜೋಡಿಸಿದ್ದರಿಂದ ದೂರದ ಬೆಳಕೂ ಫಾಗ್ ದೀಪವೂ ಒಟ್ಟಿಗೆ ಉರಿಯುವ ಪ್ರಶ್ನೆಯೇ ಉಳಿಯಲಿಲ್ಲ. ರೇಡಿಯೊಗೆ ಕೀಲಿಯ ಹಿಂದಿನಿಂದ ಸಣ್ಣ ಫ್ಯೂಸಿನ ಪ್ರತ್ಯೇಕ ತಂತಿ ಬಂದಿತು. ಕಾರು ನಿಂತಾಗ ಅದು ಬ್ಯಾಟರಿಯನ್ನು ಹೀರಲಾರದು. ಆ ಕಾಲದ ಹಲವು ಬ್ರಿಟಿಷ್ ಕಾರುಗಳಲ್ಲಿ ಅರ್ತಿಗೆ ಜೋಡಿಸುತ್ತಿದ್ದುದು ಬ್ಯಾಟರಿಯ ಧನ ತುದಿಯನ್ನು. ಇದನ್ನು ನೋಡದೆ ಹೊಸ ರೇಡಿಯೊ ಕೂರಿಸಿದರೆ ಅದು ಸುಡುತ್ತದೆ. ತಗಡನ್ನು ತೂರಿ ಬರುವ ಕಡೆ ತಂತಿ ಸವೆಯದಂತೆ ರಬ್ಬರಿನ ಉಂಗುರ ತೊಡಿಸಿ, ಅರ್ತ್ ಕೂಡುವ ಜಾಗದ ತುಕ್ಕನ್ನು ಉಜ್ಜಿ ತೆಗೆದರು. ಹೆಡ್‌ಲೈಟಿನ ಅರ್ಧ ಮಂಕು ಆ ತುಕ್ಕಿನಿಂದಲೇ ಹೋಯಿತು.

ಎರಡು ದಿನಗಳ ಕೆಲಸವದು. ಮಿತ್ರರು ಘಟ್ಟವಿಳಿದು ಸುಖವಾಗಿ ಮಂಗಳೂರು ಸೇರಿದರು. ಸಾಲುಗಟ್ಟಿ ನಿಂತಾಗಲೆಲ್ಲ ಫಾಗ್ ದೀಪ ಆರಿಸಬೇಕೆಂಬ ಮೇಸ್ತ್ರಿಯ ಮಾತನ್ನು ಅವರ ತಾಯಿಯೇ ನೆನಪಿಸುತ್ತಿದ್ದರಂತೆ.

ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಹೊಸ ಕಾರುಗಳಲ್ಲಿ ಹತ್ತಾರು ಫ್ಯೂಸುಗಳ ಪೆಟ್ಟಿಗೆಯೇ ಇರುತ್ತದೆ. ಅವುಗಳ ಕಾಯಿಲೆಯನ್ನು ಯಂತ್ರವೇ ಓದಿ ಹೇಳುತ್ತದೆ. ಹಳೆಯದನ್ನು ಇನ್ನೂ ಉಳಿಸಿಕೊಂಡಿರುವ ವಾಚಕರು ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಮನೆಯ ಮುಂದೆಯೇ ಎಂಜಿನ್ ಚಾಲೂ ಮಾಡಿ, ದೀಪ, ವೈಪರ್, ಹಾರನ್ನುಗಳನ್ನು ಒಟ್ಟಿಗೆ ಪರೀಕ್ಷಿಸಲಿ. ಬೆಳಕು ಕುಗ್ಗಿದರೆ, ತಂತಿ ಕೈಗೆ ಬಿಸಿಯಾಗಿ ತಾಕಿದರೆ, ಹೊಸ ದೀಪ ಕೊಳ್ಳುವ ಮುನ್ನ ಜೆ.ಸಿ. ರೋಡಿನ ಆ ಅಡ್ಡರಸ್ತೆಗೆ ಹೋಗಿ ಬರುವುದು ಲೇಸು.